ಹುಳುಮನೆಗೆ ಹೋದ ಬೆಲ್‌ಬಾಟಂ

ಮೊನ್ನೆ ನರಸಾಪುರದ ಕಂಪನಿ ಬಸ್ಸಿನಿಂದ ಇಳಿದ ಮೊಮ್ಮಗಳ ಜೀನ್ಸು ನಮ್ಮ ಅಂಗಳವನ್ನೆಲ್ಲ ಗುಡಿಸಿಕೊಂಡು ಒಳಗೆ ಬಂತು. ಮೊಣಕಾಲಿನವರೆಗೆ ಬಿಗಿ, ಅಲ್ಲಿಂದ ಕೆಳಗೆ ಧಾರಾಳ. “ಇದು ಬೆಲ್‌ಬಾಟಂ ಅಲ್ವೇನೆ?” ಎಂದೆ. “ಅಲ್ಲ ತಾತ, ಫ್ಲೇರ್ಡ್ ಜೀನ್ಸ್. ಈಗ ಇದೇ ಹೊಸದು,” ಎಂದಳು. ನಂಗಲಿಯಿಂದ ನಾಲ್ಕು ದಿನಕ್ಕೆಂದು ಬಂದಿದ್ದ ನನ್ನ ಅಕ್ಕ ಅವರೆಕಾಯಿ ಸುಲಿಯುವುದನ್ನು ಬಿಟ್ಟು ಆ ಪ್ಯಾಂಟನ್ನೇ ನೋಡುತ್ತಿದ್ದಳು.

ಹೊಸದಂತೆ! ಅಗಲ ಕಾಲಿನ ಪ್ಯಾಂಟನ್ನು ಮೊದಲು ತೊಟ್ಟವರು ಹಡಗಿನ ಆಳುಗಳಂತೆ, ಡೆಕ್ಕು ತೊಳೆಯುವಾಗ ಸುಲಭವಾಗಿ ಮೇಲಕ್ಕೆ ಮಡಚಲೆಂದು, ಎಲ್ಲೋ ಓದಿದ್ದೇನೆ. ಸಮುದ್ರದಿಂದ ಹೊರಟದ್ದು ಯಾವ ಯಾವ ಊರು ಸುತ್ತಿ, ಕೆರೆಗಿಂತ ದೊಡ್ಡ ನೀರನ್ನೇ ಕಾಣದ ನಮ್ಮ ಕ್ಯಾಲನೂರಿಗೆ ಬಂತೋ, ನನಗೆ ಇಂದಿಗೂ ಸೋಜಿಗ. ಹರೆಯದಲ್ಲಿ ನಾನಂತೂ ನಂಗಲಿಯ ರಸ್ತೆಬದಿಯಲ್ಲಿ ಕೊಂಡ ಜೀನ್ಸನ್ನು ಮುಳಬಾಗಿಲಿನ ಟೈಲರಿಗೆ ಕೊಟ್ಟೆ. ಅವನು ಮೊಣಕಾಲಿನ ಕೆಳಗೆ ಹೊಲಿಗೆ ಬಿಚ್ಚಿ, ಮೂರು ಮೂಲೆಯ ತುಂಡು ಸೇರಿಸಿ, “ಇಂಕ ನುವ್ವೇರಾ ಹೀರೋ”, ಇನ್ನು ನೀನೇ ಕಣೋ ಹೀರೋ, ಎಂದು ತೆಲುಗಿನಲ್ಲಿ ಹರಸಿದ. ನೋಡಿ, ನಾನು ನಂಬಿಬಿಟ್ಟೆ.

ಆಗ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಕಾಲು ತೊಳೆಯದೆ ಯಾರೂ ಹುಳುಮನೆಗೆ ಹೋಗುವಂತಿಲ್ಲ. ಆ ಸಲ ಹುಳು ಮೇಯಿಸುವ ಭಾರ ಮೊದಲ ಬಾರಿಗೆ ಅಕ್ಕನದು. ಒಂದು ಸಂಜೆ ನಾನು ಪಕ್ಕದವರು ಆಗಷ್ಟೇ ಔಷಧಿ ಹೊಡೆದಿದ್ದ ಟೊಮೆಟೊ ತೋಟದೊಳಗಿನಿಂದ ಅಡ್ಡದಾರಿ ಹಿಡಿದು ಬಂದೆ. ಕಾಲನ್ನೇನೋ ಶಾಸ್ತ್ರೋಕ್ತವಾಗಿ ತೊಳೆದೆ, ಪ್ಯಾಂಟನ್ನು ತೊಳೆಯುವವರುಂಟೆ? ಅಕ್ಕನಿಗೆ ತೋರಿಸುವ ಚಪಲಕ್ಕೆ ಒಳಗೆ ಹೋಗಿ, ನೆಲದ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಪ್ಯಾಂಟಿನ ಒದ್ದೆ ಅಂಚು ತಾಗಿಸಿಕೊಂಡು ಮೆರೆದೆ. ಮರುದಿನ ಆ ಸೊಪ್ಪು ತಿಂದ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತವು.

ನಮ್ಮ ಅಜ್ಜಿ ಅಕ್ಕನನ್ನೇ ಹಿಡಿದುಕೊಂಡಳು. “ಮುಟ್ಟಾಗಿದ್ದನ್ನ ಮುಚ್ಚಿಟ್ಟು ಒಳಗೋಗಿದ್ದೀಯ, ನಿಜ ಹೇಳೇ!” ಅಕ್ಕ ಇಲ್ಲವೆಂದು ಅತ್ತಳು. ಯಾರೂ ನಂಬಲಿಲ್ಲ. ಆಮೇಲೆ ಅವಳನ್ನು ಹುಳುಮನೆಯ ಹೊಸ್ತಿಲು ದಾಟಲು ಬಿಡಲೇ ಇಲ್ಲ. ಕಾರಣ ಏನೆಂದು ನನಗೆ ಅವತ್ತೇ ಹೊಳೆದಿತ್ತು. ಬಾಯಿ ಬಿಡಲಿಲ್ಲ. ಶೋಕಿಗೆ ಇದ್ದ ಧೈರ್ಯ ಸತ್ಯಕ್ಕೆ ಇರಲಿಲ್ಲ ನನಗೆ.

ಮೊನ್ನೆ ಮೊಮ್ಮಗಳು ಒಳಗೆ ಹೋದ ಮೇಲೆ ಅಕ್ಕನ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ.

“ಗೊತ್ತಿತ್ತು ಕಣೋ,” ಎಂದಳು. “ನಿನ್ನ ಪ್ಯಾಂಟ್ ಒಗೀತಿದ್ದೋಳು ನಾನಲ್ವಾ? ನೀರಿಗೆ ಹಾಕಿದ್ರೆ ಔಷಧಿ ವಾಸ್ನೆ ಗಮ್ ಅಂತು.”

“ಮತ್ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಮದ್ವೆಯಾಗಿ ಬಸ್ ಹತ್ತೋಗಂಟ ಕಾದೆ.”

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ, ಅಕ್ಕನ ಎದುರಿಗೇ, ಇನ್ನೊಮ್ಮೆ ಹೇಳಿದೆ. ಮಗ, ಸೊಸೆ, ಮೊಮ್ಮಗಳು ಕೇಳಿಸಿಕೊಂಡರು. ಕೇಳಬೇಕಾಗಿದ್ದ ಅಜ್ಜಿ ಮಾತ್ರ ಇರಲಿಲ್ಲ.