ಗದ್ದುಗೆಯ ಬೋರ್ಡು ಮತ್ತು ಜೇವರ್ಗಿಯ ದಾರಿ

ಆಳಂದದಿಂದ ಹಿರೋಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿಯ ಅಂಚಿಗೆ, ಚಿಕ್ಕದೊಂದು ಗದ್ದುಗೆ ಇದೆ. ಯಾವ ಕಾಲದವರೋ ಒಬ್ಬ ಶರಣರ ಸಮಾಧಿ. ವಿಭೂತಿ ಹಚ್ಚಿದವರೂ ಬರುತ್ತಾರೆ, ಟೋಪಿ ಹಾಕಿದವರೂ ಬರುತ್ತಾರೆ, ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ದಾಸೋಹದ ರೊಟ್ಟಿ ಉಣ್ಣುತ್ತಾರೆ. ಆ ಹೊಸ್ತಿಲ ಒಳಗೆ ‘ಇಲ್ಲ’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಪಲ್ಯ ತೀರಿದರೆ “ಪಲ್ಯ ಹೆಚ್ಚಾಗ್ಯಾದರಿ” ಎನ್ನುತ್ತಾರೆ. ಕೇಳಿದವರಿಗೆ ಕೊಡಬೇಕು, ಬೇರೇನೂ ಸಿಗದಿದ್ದರೆ ಒಂದು ಚೆಂಬು ನೀರನ್ನಾದರೂ ಕೊಟ್ಟು ಕೂರಿಸಬೇಕು. ಪೂಜೆ ನೋಡಿಕೊಳ್ಳುವ ಅಜ್ಜನನ್ನು ಎಲ್ಲರೂ ಮುತ್ಯಾ ಎನ್ನುತ್ತಾರೆ, ಎಂಬತ್ತು ಸಮೀಪಿಸಿದೆ. ಅವರ ಬಾಯಿಂದ ಆ ಶಬ್ದ ನಾನು ಒಮ್ಮೆಯೂ ಕೇಳಿದ್ದಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಆ ಬೋರ್ಡು ಬರೆದೆ.

ಮೂರ್ನಾಲ್ಕು ವರ್ಷಗಳಿಂದ ಕೋಲಿನ ತುದಿಗೆ ಫೋನು ಸಿಕ್ಕಿಸಿಕೊಂಡು ಬರುವವರು ಹೆಚ್ಚಾಗಿದ್ದರು. ಒಬ್ಬನಂತೂ ಗದ್ದುಗೆಗೆ ಬೆನ್ನು ಮಾಡಿ ನಿಂತು ತನ್ನ ಚಾನೆಲ್ಲಿನ ಹೆಸರು ಕೂಗಿದ. ಆಮೇಲೆ ಮುತ್ಯಾ ನನ್ನನ್ನು ಕರೆದು, “ಅಕ್ಕೋರ, ನೀವು ಕಾನ್ವೆಂಟಿನ್ಯಾಗ ಕಲ್ತವ್ರು. ಕನ್ನಡದಾಗೊಂದು, ಇಂಗ್ಲಿಷಿನ್ಯಾಗೊಂದು ಬರದ ಕೊಡ್ರಿ” ಎಂದರು. ಸೋಮವಾರಕ್ಕೊಮ್ಮೆ ಹೋಗಿ ಸೊಪ್ಪು ಸೋಸಿ ಕೊಡುವುದರ ಹೊರತು ನಾನು ಆ ಗದ್ದುಗೆಗೆ ಮಾಡಿದ್ದು ಏನೂ ಇರಲಿಲ್ಲ. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ರಿಟೈರ್ ಆದ ಮೇಲೂ ಯಾರೋ ಹೋಮ್‌ವರ್ಕ್ ಕೊಟ್ಟರಲ್ಲ ಎಂದು ಹಿಗ್ಗಿದೆ. ‘ಅನುಮತಿ ಪಡೆಯದೆ ದಯವಿಟ್ಟು ಚಿತ್ರೀಕರಣ ಮಾಡಬೇಡಿ’ ಎಂದು ಬರೆದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಲೆಟರ್ ರೈಟಿಂಗ್ ಕಲಿಸುವಾಗ, ಬೇಡ ಎನ್ನುವ ಮಾತಿಗೂ ವಿನಯದ ಸೆರಗು ಹೊದಿಸಬೇಕು ಎನ್ನುತ್ತಿದ್ದರು. ಅವರು ಮಣ್ಣಾಗಿ ಎಷ್ಟೋ ಕಾಲವಾಯಿತು. ಪ್ಲೀಸ್, ಕೈಂಡ್ಲಿ ಮಾತ್ರ ನನ್ನ ಪೆನ್ನು ಬಿಟ್ಟು ಹೋಗಿಲ್ಲ.

ಆ ಅನುಮತಿ ಕೊಡಬೇಕಾದವರು ಯಾರು ಎಂದು ಮಾತ್ರ ನಾನು ಯೋಚಿಸಲಿಲ್ಲ.

ಗದ್ದುಗೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸೊಬ್ಬಳಿದ್ದಾಳೆ. ಎರಡು ವರ್ಷದ ಹಿಂದೆ, ಅಫಜಲಪುರ ಕಡೆಯ ಗಂಡನ ಮನೆ ಬಿಟ್ಟು, ಮುರಿದ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು. ಇರಲು ಜಾಗ ಕೇಳಿದಳು, ಮುತ್ಯಾ ಕೊಟ್ಟರು. ಮುರಿದವನು ಗಂಡನೇ. ಸಿಕ್ಕರೆ ಇನ್ನೊಂದು ಕೈಯನ್ನೂ ಬಿಡುವುದಿಲ್ಲ ಎಂದು ಅವಳ ಅಣ್ಣನ ಎದುರೇ ಹೇಳಿದ್ದನಂತೆ. ಅವಳು ಪುಣೆಯಲ್ಲಿದ್ದಾಳೆಂದು ಅಣ್ಣ ನಂಬಿಸಿದ್ದ. ನಿಜ ಗೊತ್ತಿದ್ದದ್ದು ಆ ಅಣ್ಣನಿಗೆ, ಮುತ್ಯಾಗೆ ಮತ್ತು ನನಗೆ.

ಕಳೆದ ಚಳಿಗಾಲದ ಒಂದು ಸೋಮವಾರ ಮೊಣಕಾಲು ನೋವೆಂದು ತಡವಾಗಿ ಹೊರಟು ಗದ್ದುಗೆ ತಲುಪಿದಾಗ ಹನ್ನೆರಡಾಗಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ಅವಳು ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದಳು. ಕೈತುಂಬ ಹಿಟ್ಟು ಒಣಗಿತ್ತು.

“ಅಕ್ಕೋರ, ನನ್ನ ಮಾರಿ ತಗೊಂಡ ಹೋದ್ರರಿ.”

“ಯಾರವ್ವಾ?”

“ಗಂಡ ಹೆಂಡ್ತಿ ಇಬ್ರು ಬಂದಿದ್ರು. ಕ್ಯಾಮೆರಾದವ್ರು. ನಾನು ಬಗ್ಗಿ ಬಡಿಯಾಕತ್ತಿದ್ದೆ, ಅಕ್ಕಾ ಈ ಕಡಿ ನೋಡ್ರಿ ಅಂತ ಅಂದ್ಳು ಆಕಿ, ನೋಡಿಬಿಟ್ಟೆ. ಸಂಜಿ ಆರಕ್ಕ ಯೂಟ್ಯೂಬಿನ್ಯಾಗ ಬರ್ತದ, ನೀವ ಹೀರೋಯಿನ್ನು ಅಂದ್ಳು. ನನ್ನ ಗಂಡಗ ಹಗಲೆಲ್ಲಾ ಫೋನ್ ನೋಡೂದ ಕೆಲಸರಿ.”

ಮುತ್ಯಾ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಕೇಳುವ ಮೊದಲೇ ಹೇಳಿದರು: “ಬೋರ್ಡ್ ಓದಿದ್ರು. ಬಂದು ಕೈ ಮುಗದು, ಅಜ್ಜಾರ ಪರ್ಮಿಷನ್ ಕೊಡ್ರಿ ಅಂದ್ರು. ಹೊಸ್ತಿಲ ಒಳಗ ನಿಂತು ಕೇಳಿದ್ರು. ನಾ ಹ್ಯಾಂಗ ಒಲ್ಲೆ ಅನ್ಲಿ, ಅಕ್ಕೋರ?”

ಅವರನ್ನು ಏನೆಂದು ಬೈಯಲಿ? ಈ ಮನೆಯಲ್ಲಿ ಕೇಳಿ ಪಡೆಯಿರಿ ಎಂದು ಬರೆದು ನೇತು ಹಾಕಿದವಳೇ ನಾನು.

ಆ ದಂಪತಿ ಜೇವರ್ಗಿಯಲ್ಲಿ ಲಾಡ್ಜ್ ಮಾಡಿ ಮರುದಿನ ವಿಜಯಪುರಕ್ಕೆ ಹೋಗುವವರೆಂದು ಮುತ್ಯಾ ಹೇಳಿದರು. ರೊಟ್ಟಿಯವಳು ನೆನಪು ಮಾಡಿಕೊಂಡು ಹೇಳಿದ ಚಾನೆಲ್ಲು ನನ್ನ ಫೋನಿನಲ್ಲಿ ಸಿಕ್ಕಿತು. ಮೆಸೇಜ್ ಕಳಿಸಿದೆ, ಎಷ್ಟು ಮೆಸೇಜುಗಳ ಅಡಿಗೆ ಬಿತ್ತೋ, ಯಾರೂ ತೆರೆಯಲಿಲ್ಲ. ಅವರ ಹಳೆಯ ವೀಡಿಯೋದ ಕಮೆಂಟಿನಲ್ಲಿ ಬರೆಯೋಣವೆಂದು ‘ಕೈಂಡ್ಲಿ ಡಿಲೀಟ್ ದಿ ಲೇಡಿ’ ಎನ್ನುವವರೆಗೆ ಟೈಪ್ ಮಾಡಿದ್ದೆ. ಆಗ ಹೊಳೆಯಿತು, ಅದನ್ನು ಅವಳ ಗಂಡನೂ ಓದಬಹುದು. ಒಂದೊಂದೇ ಅಕ್ಷರ ಅಳಿಸಿದೆ.

ನನ್ನನ್ನು ಕರೆತಂದ ಬಾಡಿಗೆ ಕಾರಿನವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ಗಡ್ಡ ಬೆಳ್ಳಗಾಗಿದೆ. ಆರರೊಳಗೆ ಜೇವರ್ಗಿ ಮುಟ್ಟಬೇಕು, ನಾನು ಬರೆದ ಬೋರ್ಡಿನಿಂದ ಒಬ್ಬಳಿಗೆ ತೊಂದರೆಯಾಗಿದೆ ಎಂದಷ್ಟೇ ಹೇಳಿದೆ.

“ಫಿಕರ್ ಮಾಡಬ್ಯಾಡ್ರಿ ಅಕ್ಕೋರ, ಮುಟ್ಟಸ್ತೇನಿ” ಎಂದ. ಸ್ವಲ್ಪ ದೂರ ಹೋದ ಮೇಲೆ, “ನಿಮ್ಮ ಇಂಗ್ಲಿಷ್ ಅಂದ್ರ ನನಗ ಸಣ್ಣಾಂವ ಇದ್ದಾಗಿಂದ ಅಂಜಿಕಿ. ಯಾಕಂತ ಇವತ್ತ ಗೊತ್ತಾತು” ಎಂದ.

“ಗಾಡಿ ನೋಡಿ ಹೊಡಿಯಪ್ಪಾ.”

“ಹೌದ್ರಿ, ಕೈಂಡ್ಲಿ ಹೊಡೀತೇನಿ.”

ಬೇರೆ ದಿನವಾಗಿದ್ದರೆ ಅವನ ಕಿವಿ ಹಿಂಡುತ್ತಿದ್ದೆ. ದಾರಿಯ ಎರಡೂ ಕಡೆ ತೊಗರಿ ಕೊಯ್ಲಿಗೆ ಬಂದಿತ್ತು. ಕಲಬುರಗಿ ದಾಟುವಾಗ ನಾನು ಕಲಿತ ಹಾಸ್ಟೆಲಿನ ಕಡೆಯ ರಸ್ತೆ ಬಂತು. ಹಾದು ಹೋಗುವಾಗಲೆಲ್ಲ ಗಾಡಿ ನಿಧಾನ ಮಾಡಿಸಿ ನೋಡುವವಳು, ಅವತ್ತು ಗಡಿಯಾರ ಬಿಟ್ಟು ಕಣ್ಣು ಎತ್ತಲಿಲ್ಲ.

ಜೇವರ್ಗಿಗೆ ಬಂದಾಗ ನಾಲ್ಕರ ಹತ್ತಿರ. ಹೆದ್ದಾರಿಯ ಬದಿಗೆ ಒಂದೊಂದೇ ಲಾಡ್ಜು ವಿಚಾರಿಸುತ್ತ ಹೋದೆವು. ಮೂರನೆಯದರ ಕೆಳಗಿನ ಖಾನಾವಳಿಯಲ್ಲಿ ಅವರಿಬ್ಬರು ಚಹಾ ಕುಡಿಯುತ್ತಿದ್ದರು. ಮೈಸೂರು ಕಡೆಯ ಮಾತು, ಮೂವತ್ತರ ಒಳಗಿನ ವಯಸ್ಸು. ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆ ಕ್ಯಾಮೆರಾ.

ಗದ್ದುಗೆಯಿಂದ ಬಂದೆ ಎಂದೊಡನೆ ಹುಡುಗ ಎದ್ದು ನಿಂತ. “ಮೇಡಮ್, ನಾವು ಪರ್ಮಿಷನ್ ತಗೊಂಡೇ ಶೂಟ್ ಮಾಡಿದ್ದು. ಬೋರ್ಡಲ್ಲಿ ಹಾಗೇ ಬರೆದಿದೆ.”

“ಗೊತ್ತಪ್ಪ. ಬರೆದವಳು ನಾನೇ. ತಪ್ಪು ನಿಮ್ಮದಲ್ಲ.”

ಅವನು ಮೆತ್ತಗಾಗಿ ಕುರ್ಚಿ ಎಳೆದು ಕೊಟ್ಟ. ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ ಬೇಡವೆಂದೆ.

“ಅಯ್ಯೋ, ಥಂಬ್‌ನೇಲೇ ಅದು ಮೇಡಮ್! ಆ ನಗು ನೋಡಿ ಎಷ್ಟು ಚೆನ್ನಾಗಿದೆ” ಎಂದು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದ.

ನಿಜ, ಚೆನ್ನಾಗಿತ್ತು. ಒಲೆಯ ಬೆಳಕು ಅರ್ಧ ಮುಖದ ಮೇಲೆ, ಹಣೆಯ ಮೇಲೆ ಹಿಟ್ಟು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಳಿಸಿ ಎನ್ನಲು ನನಗೇ ಸಂಕಟವಾಯಿತು. ಕಾರಣ ಹೇಳದೆ ಅವರು ಒಪ್ಪುವುದಿಲ್ಲ. ಕಾರಣ ಹೇಳಿದರೆ ಗುಟ್ಟು ಇನ್ನಿಬ್ಬರ ಬಾಯಿಗೆ ಹೋಗುತ್ತದೆ. ನಾನು ಕ್ಯಾಮೆರಾದ ಕಡೆ ನೋಡಿದೆ. ಹುಡುಗಿಗೆ ಅರ್ಥವಾಯಿತು. ಅದನ್ನು ಆಫ್ ಮಾಡಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದಳು.

“ಆಕೆ ಅಲ್ಲಿ ಇದ್ದಾಳೆ ಅನ್ನೋದು ಒಬ್ಬನಿಗೆ ಗೊತ್ತಾಗಬಾರದು ಮಗಳೇ. ಗೊತ್ತಾದರೆ ಕೊಂದಾನು.”

ಯಾರು, ಏಕೆ ಎಂದು ಹುಡುಗಿ ಕೇಳಲಿಲ್ಲ. ಗಂಡನ ಕಡೆ ತಿರುಗಿ, “ತೆಗಿ” ಎಂದಳು.

“ಆರಕ್ಕೆ ಶೆಡ್ಯೂಲ್ ಆಗಿದೆ ಕಣೇ. ಪೂರ್ತಿ ವೀಡಿಯೋನೇ ತೆಗೀಬೇಕು. ನಾಳೆಯಿಂದ ವಿಜಯಪುರದ ಶೂಟು, ಅದರ ಮಧ್ಯೆ ಮತ್ತೆ ಎಡಿಟ್ ಮಾಡೋಕೆ ಎರಡು ದಿನ ಹೋಗುತ್ತೆ.”

“ಹೋಗ್ಲಿ. ಮೊದಲು ತೆಗಿ.”

ಲಾಡ್ಜಿನ ವೈಫೈ ಹೋಗಿತ್ತು. ಫೋನಿನ ನೆಟ್‌ವರ್ಕು ಬರುವುದು, ಹೋಗುವುದು. ಪರದೆಯ ಮೇಲೆ ಒಂದು ದುಂಡನೆಯ ಗೆರೆ ತಿರುಗುತ್ತಲೇ ಇತ್ತು. ಹುಡುಗ ಲ್ಯಾಪ್‌ಟಾಪು ಎತ್ತಿಕೊಂಡು ರಸ್ತೆಗೇ ಹೋಗಿ, ಲಾರಿಗಳ ಧೂಳಿನಲ್ಲಿ ನಿಂತ. ಇಷ್ಟು ವರ್ಷ ನಾನು ಎಷ್ಟೋ ರಿಸಲ್ಟುಗಳಿಗೆ ಕಾದಿದ್ದೇನೆ. ಆ ಹತ್ತು ನಿಮಿಷದಷ್ಟು ಉದ್ದದ ಸಮಯ ನನಗೆ ನೆನಪಿಲ್ಲ. ಕೊನೆಗೆ ಅವನು ಅಲ್ಲಿಂದಲೇ ಕೈ ಎತ್ತಿ, “ಹೋಯ್ತು ಮೇಡಮ್!” ಎಂದು ಕೂಗಿದ. ಆಮೇಲೆ ಕ್ಯಾಮೆರಾದ ಕಾರ್ಡಿನಿಂದ, ಡಿಲೀಟ್ ಆದವು ಹೋಗಿ ಬೀಳುವ ಬುಟ್ಟಿಯಿಂದ, ಒಂದೊಂದನ್ನೂ ನನ್ನ ಕಣ್ಣೆದುರೇ ಅಳಿಸಿದರು.

ಮುತ್ಯಾಗೆ ಫೋನು ಮಾಡಿದೆ. ಆ ಕಡೆ ಅವರು ಅವಳಿಗೆ ಹೇಳಿದ್ದು ಕೇಳಿಸಿತು. “ಹೋತಂತ ಬೇ, ಏಳು, ಮಾರಿ ತೊಳ್ಕೊ.” ಹೊಟ್ಟೆ ಹಸಿದಿದ್ದು ಫೋನು ಇಟ್ಟ ಮೇಲೆಯೇ ತಿಳಿಯಿತು, ಅಲ್ಲೇ ಊಟಕ್ಕೆ ಕುಳಿತೆವು. ಕಾರಿನವನು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿದ.

ಈಗ ಗದ್ದುಗೆಯ ಹೊರಗೆ ಹೊಸ ಬೋರ್ಡಿದೆ. ‘ಚಪ್ಪಲಿ, ಮೊಬೈಲ್, ಕ್ಯಾಮೆರಾ ಇಲ್ಲೇ ಬಿಟ್ಟು ಒಳಗೆ ಬನ್ನಿ.’ ದಯವಿಟ್ಟು ಎಂಬುದನ್ನು ಬಿಟ್ಟಿದ್ದೇನೆ, ಸಿಸ್ಟರ್ ಕ್ಷಮಿಸಲಿ. ಮುತ್ಯಾ ಯಾರಿಗೂ ಏನನ್ನೂ ನಿರಾಕರಿಸಬೇಕಾಗಿಲ್ಲ.

ಆ ವೀಡಿಯೋ ಮೂರನೆಯ ದಿನ ಬಂತು. ಹೊಸ್ತಿಲ ಹೊರಗೆ, ಅಡುಗೆಮನೆಯ ಹಿತ್ತಲಿನ ಬೇವಿನ ಕೆಳಗೆ ಕುಳಿತು, ನಾವಿಬ್ಬರೂ ನನ್ನ ಫೋನಿನಲ್ಲಿ ನೋಡಿದೆವು. ಅವಳು ನನ್ನ ಮೊಣಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಊರಿನ ಕೆರೆ ಬಂತು, ತೊಗರಿ ಹೊಲ ಬಂತು, ದೂರದಿಂದ ಗದ್ದುಗೆಯ ಗುಮ್ಮಟ ಬಂತು. ಊರಿನ ಹೆಸರು ಹೇಳಲಿಲ್ಲ. ಅಡುಗೆಮನೆ ಬರಲೇ ಇಲ್ಲ. ಮುಗಿದ ಮೇಲೆ ಅವಳು ಮೊಣಕೈ ಬಿಟ್ಟಳು. ಅಲ್ಲಿ ನಾಲ್ಕು ಬೆರಳಿನ ಗುರುತು ಮೂಡಿತ್ತು.

“ಅವತ್ತ ಅಷ್ಟ ರೊಟ್ಟಿ ಬಡದಿದ್ದೆ ಅಕ್ಕೋರ” ಎಂದಳು ಮುಖ ಸಣ್ಣದು ಮಾಡಿ. “ಒಂದರ ತೋರಸಬಾರದಾ?”

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ಕಣ್ಣು ಒರೆಸಿಕೊಂಡು ಫೋನು ಮುಚ್ಚಲು ಹೋದೆ.

“ಇನ್ನೊಂದ್ ಸಲ ಹಚ್ರಿ” ಎಂದಳು. “ಈಗ ಅಂಜದ ನೋಡ್ತೇನಿ.”