ಮೂರು ಸಿ.ಡಿ.ಯ ನಿಯಮ

೨೦೧೨ರಲ್ಲಿ ನಾನು ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ ಡೇಟಾ ಸೂಪರ್‌ವೈಸರ್ ಆಗಿದ್ದೆ. ಇಡೀ ದೇಶದಲ್ಲಿ ಯಾವ ಪಾಪ್ ಸಿ.ಡಿ. ಎಷ್ಟು ಮಾರಾಟವಾಯಿತೆಂದು ಅಂಗಡಿಗಳಿಂದ ಬಿಲ್ ವಿವರ ತರಿಸಿ, ಪ್ರತಿ ಗುರುವಾರ ಟಾಪ್ ಟ್ವೆಂಟಿ ಚಾರ್ಟ್ ಪ್ರಕಟಿಸುವುದು ನಮ್ಮ ಕೆಲಸ. ಚಾರ್ಟ್ ಆಗಷ್ಟೇ ಶುರುವಾಗಿತ್ತು. ಮಾಲ್‌ಗಳ ಜೊತೆ ಹಳೆ ದುಬೈಯ ದೇರಾದ ಸಣ್ಣ ಅಂಗಡಿಗಳನ್ನೂ ಸೇರಿಸಬೇಕೆಂದು ಹಟ ಹಿಡಿದವನು ನಾನೇ.

ನಿಯಮ ಬರೆದವನೂ ನಾನೇ. ಒಂದು ಬಿಲ್ಲಿನಲ್ಲಿ ಒಂದೇ ಸಿ.ಡಿ.ಯ ಮೂರಕ್ಕಿಂತ ಹೆಚ್ಚು ಪ್ರತಿಗಳಿದ್ದರೆ ಆ ಬಿಲ್ಲನ್ನು ‘ಬಲ್ಕ್’ ಎಂದು ಗುರುತಿಸಿ ಕೈಬಿಡಬೇಕು. ಹಾಡಿದವರೇ ತಮ್ಮ ಸಿ.ಡಿ.ಯನ್ನು ರಾಶಿಗಟ್ಟಲೆ ಕೊಂಡು ಮೇಲೇರಬಾರದಲ್ಲ! ಭಾರೀ ಬುದ್ಧಿವಂತಿಕೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಐರಿನ್ ಬಾಯಿ ಎಂಬ ನರ್ಸ್ ಇದ್ದರು, ಉಡುಪಿ ಕಡೆಯವರು. ರಜೆಗೆ ಊರಿಗೆ ಹೋದಾಗ ಮಂಗಳೂರಿನಲ್ಲಿ ಕೊಂಕಣಿ ಪಾಪ್ ಹಾಡುಗಳನ್ನು ರೆಕಾರ್ಡ್ ಮಾಡಿಸಿ ಸಿ.ಡಿ. ತಂದಿದ್ದರು. ಆ ವಾರದ ಚಾರ್ಟಿನಲ್ಲಿ ಹೆಸರು ಬಂದ ಇಲ್ಲಿನ ಗಾಯಕರಿಗೆ ಶುಕ್ರವಾರ ರೇಡಿಯೋದಲ್ಲಿ ಹಾಡುವ ಅವಕಾಶವಿತ್ತು. ಮರುದಿನ ಶನಿವಾರವೇ ಐರಿನ್ ಬಾಯಿ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಇದ್ದದ್ದು ಅದೊಂದೇ ಶುಕ್ರವಾರ.

ಗುರುವಾರ ಬೆಳಿಗ್ಗೆ ಚಾರ್ಟ್ ಹೊರಬಿತ್ತು. ಅವರ ಹೆಸರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೇರಾದಲ್ಲಿ ಸಿ.ಡಿ. ಅಂಗಡಿ ಇಟ್ಟಿದ್ದ ಭಟ್ಕಳದ ಜಾಫರ್ ಭಾಯ್ ನಮ್ಮ ಆಫೀಸಿಗೇ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಅದರಲ್ಲಿ ಒಂದೇ ಬಿಲ್ಲಿನಲ್ಲಿ ಐರಿನ್ ಬಾಯಿಯ ಸಿ.ಡಿ. ಒಂದೊಂದು ತರಿಸಿಕೊಂಡ ಹದಿನೆಂಟು ಜನರ ಹೆಸರುಗಳು.

“ನನ್ನ ಬಿಲ್ ಯಾಕೆ ತೆಗೆದು ಹಾಕಿದ್ರಿ ಮಾರಾಯ್ರೆ? ಹೋಟೆಲ್ ಸ್ಟಾಫಿನವರಿಗೆ ಎಲ್ಲರಿಗೂ ಒಂದೇ ದಿನ ಆಫ್ ಇರ್ತದಾ? ಆಫ್ ಇದ್ದವ ಬರ್ತಾನೆ, ಇಡೀ ಫ್ಲ್ಯಾಟಿನವರದ್ದು ತಗೊಂಡು ಹೋಗ್ತಾನೆ. ಸೋಪು, ಫೋನ್ ಕಾರ್ಡು, ಸಿ.ಡಿ., ಎಲ್ಲ. ನಿಮಗೆ ಗೊತ್ತಿಲ್ಲವಾ ಇದು?”

ಗೊತ್ತಿಲ್ಲದೆ ಏನು! ದುಬೈಗೆ ಬಂದ ಹೊಸದರಲ್ಲಿ ಅದೇ ದೇರಾದ ಫ್ಲ್ಯಾಟಿನಲ್ಲಿ ಹನ್ನೊಂದು ಜನರ ಚೀಟಿ ಹಿಡಿದು ಅಂಗಡಿ ಅಂಗಡಿ ಅಲೆದವನು ನಾನು. ಟವರಿನ ಎ.ಸಿ.ಯಲ್ಲಿ ಕುಳಿತ ಮೇಲೆ ಮರೆತೇ ಹೋಗಿತ್ತು.

ಮೊದಲ ಸ್ಥಾನದ ಸಿ.ಡಿ.ಯ ಬಿಲ್‌ಗಳನ್ನು ತೆರೆದೆ. ಮೈ ಉರಿದುಹೋಯಿತು. ಒಂದೇ ಮಾಲ್, ಒಂದೇ ಕೌಂಟರ್, ಎರಡೆರಡು ನಿಮಿಷಕ್ಕೊಂದು ಬಿಲ್. ಪ್ರತಿಯೊಂದರಲ್ಲೂ ಸರಿಯಾಗಿ ಮೂರೇ ಮೂರು ಪ್ರತಿ! ಥೂ! ನನ್ನ ನಿಯಮವನ್ನು ಓದಿಕೊಂಡೇ ಬಂದು ಕೊಂಡಿದ್ದರು.

ಆ ಚೀಟಿಯನ್ನೂ ಈ ಬಿಲ್‌ಗಳನ್ನೂ ಮ್ಯಾನೇಜರರ ಮುಂದಿಟ್ಟೆ. ಇವತ್ತೇ ತಿದ್ದಿದರೆ ಆಕೆ ನಾಳೆ ಹಾಡಬಹುದು ಎಂದೆ. ಅವರು ಕಂಪ್ಯೂಟರಿನಿಂದ ತಲೆಯನ್ನೂ ಎತ್ತಲಿಲ್ಲ. “ಎಲ್ಲ ನೀನು ಬರೆದ ರೂಲ್ ಪ್ರಕಾರವೇ ಇದೆ. ಚಾರ್ಟ್ ಹೋಯಿತು, ಖಲಾಸ್.” ನನ್ನ ದನಿ ಏರಿತು, ಇಡೀ ಆಫೀಸು ತಿರುಗಿ ನೋಡಿತು, ಚಾರ್ಟ್ ಮಾತ್ರ ಬದಲಾಗಲಿಲ್ಲ.

ಶುಕ್ರವಾರ ರೇಡಿಯೋದಲ್ಲಿ ಬೇರೆ ಯಾರೋ ಹಾಡಿದರು. ಆ ಹದಿನೆಂಟನ್ನೂ ಸೇರಿಸಿ ನಾನೇ ಲೆಕ್ಕ ಹಾಕಿ ನೋಡಿದೆ: ಐರಿನ್ ಬಾಯಿಗೆ ಹನ್ನೆರಡನೇ ಸ್ಥಾನ. ಅದನ್ನು ಪ್ರಿಂಟ್ ತೆಗೆದು, ಕ್ಷಮೆ ಕೇಳಲೆಂದು ಅಂದೇ ಸಂಜೆ ಅಬುಧಾಬಿಗೆ ಹೋದೆ. ಅರ್ಧ ಕಟ್ಟಿದ ಸೂಟ್‌ಕೇಸಿನ ಪಕ್ಕ ನಿಂತು ಅವರು ಅದನ್ನು ಪೂರ್ತಿ ಓದಿದರು.

“ರೂಲ್ ಬರೆದದ್ದು ನೀವೇ ಅಲ್ಲವಾ?”

“ಹೌದು ಬಾಯಿ.”

“ಹಾಗಾದರೆ ಇದು ನನಗೆ ಬೇಡ. ನಿಮ್ಮ ಟೇಬಲ್ ಮೇಲೆ ಇಟ್ಟುಕೊಳ್ಳಿ.”

ಜಗಳವಾಡಿ ಮುಂದಿನ ತಿಂಗಳು ನಿಯಮ ಬದಲಾಯಿಸಿದೆ. ಅಷ್ಟು ಹೊತ್ತಿಗೆ ಜಾಫರ್ ಭಾಯ್ ನಮಗೆ ಬಿಲ್ ಕಳಿಸುವುದನ್ನೇ ನಿಲ್ಲಿಸಿದ್ದರು. ಕಳ್ಳನಾದವನು ನಿಯಮವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆ, ಪ್ರಾಮಾಣಿಕರಿಗೆ ಅಂಥದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೆ. ಆಮೇಲೆ ಮೂರು ಆಫೀಸು ಬದಲಾಯಿಸಿದೆ. ಆ ಹಾಳೆ ಎಲ್ಲ ಕಡೆಯೂ ನನ್ನ ಮೇಜಿನ ಮೇಲಿತ್ತು, ಅವರು ಹೇಳಿದ ಹಾಗೆ.