ಕೈಗೇ ಕೊಡುವ ಡೇಲಿಯಾ

ನಂಜನಗೂಡಿನ ನಮ್ಮ ಬಡಾವಣೆಯಲ್ಲಿ, ಮನೆಗೆ ಹೊಸದಾಗಿ ಬಂದ ಫೋನು ಬಡಿದುಕೊಳ್ಳುತ್ತಿದ್ದರೂ ಡೇಲಿಯಾ ಪಾತಿ ಬಿಟ್ಟು ಏಳದವರೆಂದರೆ ಮರಿತಾಯಮ್ಮ ಟೀಚರ್ ಒಬ್ಬರೇ. ಒಂದು ಕೊಂಬೆಗೆ ಒಂದೇ ಮೊಗ್ಗು. ಪಕ್ಕದವನ್ನೆಲ್ಲ ಕರುಣೆಯಿಲ್ಲದೆ ಚಿವುಟಿ ಹಾಕುತ್ತಾರೆ. ತಟ್ಟೆಯಗಲ ಅರಳಿದ ಹೂವು ತಲೆ ಬಾಗಿಸಿದರೆ ಕೋಲು ನೆಟ್ಟು ಕಟ್ಟಿ, ಕ್ಲಾಸಿನಲ್ಲಿ ತೂಕಡಿಸುವ ಮಕ್ಕಳಿಗೆ ಹೇಳುವಂತೆ "ನೆಟ್ಟಗೆ ನಿಂತ್ಕೊ" ಎಂದು ಗದರುತ್ತಾರೆ. ಹೂವಿನ ಕಾಲ ಮುಗಿದ ಮೇಲೆ ಗೆಡ್ಡೆಗಳನ್ನು ಕಿತ್ತು, ಮರಳಿನ ಬುಟ್ಟಿಯಲ್ಲಿಟ್ಟು, ಮಂಚದ ಕೆಳಗೆ ಮಲಗಿಸುತ್ತಾರೆ; ಆಗ ಆ ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಪೂಜೆಗೆ ಹೂವು ಕೇಳಿದರೆ ಮಾತ್ರ ಯಾರಿಗೂ ಇಲ್ಲವೆನ್ನುವುದಿಲ್ಲ. "ಒಳಗೆ ಬನ್ನಿ, ಕೈಗೇ ಕೊಡ್ತೀನಿ" ಅನ್ನುವುದೊಂದೇ ಕರಾರು. ಮೊನ್ನೆ ಎದುರು ಮನೆಗೆ ಬಾಡಿಗೆಗೆ ಬಂದ ವಿಶಾಲು ಅವಸರದಲ್ಲಿ, "ಕಾಂಪೌಂಡ್ ಮೇಲೆ ಇಟ್ಟಿರಿ, ಆಮೇಲೆ ತಗೋತೀನಿ" ಎಂದಳು. ಟೀಚರ ಕತ್ತರಿ ನಿಂತಿತು. "ನಮ್ಮವ್ವ ಬೆಳೆದ ಚೆಂಡೂವ ಊರ ದೇವ್ರಿಗೆ ಬೇಕಿತ್ತು ಕಣಮ್ಮ. ನೆಲದ ಮ್ಯಾಲೆ ಇಡಿಸಿ, ಅವ್ವ ದೂರ ಸರಿದ್ಮೇಲೆ ನೀರು ಚಿಮುಕಿಸಿ ಎತ್ಕಳೋರು." ವಿಶಾಲು ಗೇಟು ತೆಗೆದು ಒಳಗೆ ಹೋಗಿ ಕೈ ಚಾಚಿದಳು. ಟೀಚರು ಅವಳ ಬೆರಳುಗಳನ್ನು ತಾವೇ ದಂಟಿನ ಸುತ್ತ ಮಡಿಸಿ, "ಗಟ್ಟಿಯಾಗಿ ಇಡ್ಕೊ" ಎಂದು ಎಂದಿನಂತೆ ಗದರಿದರು.